ಮಾತಿಲ್ಲದ ಅರ್ಧ ಗಂಟೆಯ ಕಳ್ಳರು

ನಮ್ಮ ಮನೆಯಲ್ಲಿ ವರ್ಷಕ್ಕೆ ಒಂದು ಸಲವಾದರೂ ಹಾಕಿಕೊಂಡು ನೋಡುವ ಸಿನಿಮಾ ಒಂದಿದೆ. ಹಳೆಯ ಕಾಲದ ಫ್ರೆಂಚ್ ಸಿನಿಮಾ, ಕಪ್ಪು ಬಿಳುಪಿನದು. ನಾಲ್ಕು ಜನ ಕಳ್ಳರು ಒಬ್ಬ ಒಡವೆ ವ್ಯಾಪಾರಿಯ ತಿಜೋರಿಗೆ ಕನ್ನ ಹಾಕುತ್ತಾರೆ, ಅಷ್ಟೇ ಕತೆ. ಅದರ ಹೆಸರನ್ನು ಸರಿಯಾಗಿ ಉಚ್ಚರಿಸಲು ನನಗೆ ಇವತ್ತಿಗೂ ಬರುವುದಿಲ್ಲವಾದ್ದರಿಂದ ಮನೆಯಲ್ಲಿ ಅದು ‘ಕಳ್ಳರ ಸಿನಿಮಾ’.

ಮೊದಲ ಸಲ ನೋಡಿದ್ದು ಡಿಗ್ರಿಯ ಎರಡನೆಯ ವರ್ಷದಲ್ಲಿ, ಜಯನಗರದಲ್ಲಿ, ಒಂದು ಭಾನುವಾರ ಬೆಳಿಗ್ಗೆ. ಫಿಲಂ ಸೊಸೈಟಿಯವರು ಒಂದು ಛತ್ರದ ಊಟದ ಹಾಲ್‌ನಲ್ಲಿ ಬಿಳಿ ಪಂಚೆ ಕಟ್ಟಿ ತೋರಿಸುತ್ತಿದ್ದರು. ಮಹಡಿಯ ಮೇಲೆ ಯಾರದೋ ನಿಶ್ಚಿತಾರ್ಥ. ಪಕ್ಕದ ಅಡುಗೆಮನೆಯಿಂದ ಒಗ್ಗರಣೆಯ ಘಾಟು ಬಂದು ನಾವೆಲ್ಲ ಸೀನುತ್ತಿದ್ದೆವು. ಆಮೇಲೆ ಆ ಭಾಗ ಬಂತು. ಅರ್ಧ ಗಂಟೆಯ ಕಾಲ ತೆರೆಯ ಮೇಲೆ ಯಾರೂ ಒಂದು ಮಾತು ಆಡುವುದಿಲ್ಲ. ಹಿನ್ನೆಲೆ ಸಂಗೀತವೂ ಇಲ್ಲ. ನಡುಹಗಲು, ರಜೆಯ ದಿನ, ಅಂಗಡಿ ಮುಚ್ಚಿದೆ. ಪಕ್ಕದ ದರ್ಜಿಯ ಕೋಣೆಯಿಂದ ಗೋಡೆ ಕೊರೆಯುತ್ತಿದ್ದಾರೆ. ಬೀದಿಯಾಚೆಯ ಚರ್ಚಿನ ಗಂಟೆ ಹೊಡೆದಾಗ ಮಾತ್ರ ಇವರ ಸುತ್ತಿಗೆ ಬೀಳುತ್ತದೆ. ಗಂಟೆ ನಿಂತರೆ ಕೈ ಗಾಳಿಯಲ್ಲೇ ನಿಲ್ಲುತ್ತದೆ. ಉದುರುವ ಗಾರೆ ಸದ್ದು ಮಾಡದಿರಲೆಂದು ಒಬ್ಬ ಒದ್ದೆ ಗೋಣಿಯನ್ನು ಸೆರಗಿನ ಹಾಗೆ ಹಿಡಿದು ನಿಂತಿದ್ದಾನೆ. ಇನ್ನೊಬ್ಬನಿಗೆ ನೆಗಡಿ. ಅವನು ಮೂಗು ಹಿಡಿದುಕೊಂಡಾಗ ಉಳಿದ ಮೂವರೂ ಕೆಲಸ ಬಿಟ್ಟು ಅವನ ಮುಖವನ್ನೇ ನೋಡುತ್ತಾರೆ. ಸರಿಯಾಗಿ ಆ ಹೊತ್ತಿಗೆ ಛತ್ರದ ಅಡುಗೆಮನೆಯಲ್ಲಿ ಯಾರೋ ಸೌಟು ಬೀಳಿಸಿದರು. ಇಡೀ ಸಭೆ ಒಟ್ಟಿಗೆ ‘ಶ್!’ ಎಂದಿತು. ನಾವೆಲ್ಲ ಕಳ್ಳರ ಪಕ್ಷ ವಹಿಸಿಬಿಟ್ಟಿದ್ದೇವೆ ಎಂದು ಆಗ ಗೊತ್ತಾಗಿ ಸಭೆಗೆ ಸಭೆಯೇ ನಕ್ಕಿತು.

ನನಗೆ ಹಿಡಿಸಿದ್ದು ಕಳ್ಳತನವಲ್ಲ, ಕೆಲಸ. ಅಷ್ಟು ಶ್ರದ್ಧೆಯಿಂದ ಯಾರಾದರೂ ಏನನ್ನಾದರೂ ಮಾಡುವುದನ್ನು ನಾನು ಅದಕ್ಕೆ ಮೊದಲು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಅವರೆಲ್ಲ ಹ್ಯಾಟು ಹಾಕಿಕೊಂಡಿರುವುದರಿಂದ ಮುಖದ ಮೇಲೆ ನೆರಳು. ಸ್ವಲ್ಪ ಹೊತ್ತಿನ ಮೇಲೆ ಯಾರು ಯಾರೆಂದು ಕೈಗಳಿಂದಲೇ ಗುರುತು ಹಿಡಿಯತೊಡಗುತ್ತೇವೆ. ತಿಜೋರಿ ತೆಗೆಯುವವನು ಎಲ್ಲರಿಗಿಂತ ವಯಸ್ಸಾದವನು. ಶುರು ಮಾಡುವ ಮುಂಚೆ ತನ್ನ ದೇವರಿಗೆ ನಮಸ್ಕರಿಸುತ್ತಾನೆ, ಅವರ ಪದ್ಧತಿಯಂತೆ ಹಣೆ, ಎದೆ, ಎರಡು ಭುಜ ಮುಟ್ಟಿಕೊಂಡು. ಆಮೇಲೆ ಆ ಕಬ್ಬಿಣದ ಬಾಗಿಲಿನ ಮೇಲೆ ಅಂಗೈ ಇಟ್ಟು ಸುಮ್ಮನೆ ನಿಲ್ಲುತ್ತಾನೆ, ಮಗುವಿಗೆ ಜ್ವರ ಇದೆಯೇ ಎಂದು ನೋಡುವ ಹಾಗೆ.

ಇಷ್ಟೆಲ್ಲ ಮೌನವಾಗಿ ಗೆದ್ದ ನಾಲ್ವರೂ ಕೊನೆಗೆ ಸಿಕ್ಕಿಬೀಳುವುದು ಒಬ್ಬನ ಬಾಯಿಯಿಂದ. ಹೋಟೆಲಿನಲ್ಲಿ ಕೂತು ತನ್ನ ಗೆಳೆಯನ ಕೈಚಳಕವನ್ನು ಹೊಗಳುತ್ತಾನೆ, ಅಷ್ಟೇ. ಪಕ್ಕದ ಮೇಜಿನವನಿಗೆ ಕೇಳಿಸುತ್ತದೆ. ಆ ಭಾಗ ಬಂದಾಗಲೆಲ್ಲ ನಾನು ‘ಬಾಯಿ ಮುಚ್ಚೋ’ ಎಂದು ಟಿವಿಗೆ ಬೈಯುತ್ತೇನೆ. ನನ್ನ ಗಂಡನಿಗೆ ಅದು ತಮಾಷೆ. ಸಿನಿಮಾ ಹಾಕುವಾಗಲೆಲ್ಲ, “ಬಂದ್ರಾ ನಿನ್ನ ನೆಂಟರು?” ಎನ್ನುತ್ತಾರೆ.

ಹೋದ ವರ್ಷ ಶ್ರಾವಣದಲ್ಲಿ ನಾನೇ ಆ ಹೋಟೆಲಿನ ಬಾಯಿಬಡುಕನಾದೆ.

ನಾವಿರುವುದು ಇಟ್ಟಮಡುವಿನಲ್ಲಿ. ನಾನು ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುತ್ತೇನೆ. ಕತ್ರಿಗುಪ್ಪೆಯ ಒಂದು ಕ್ರಾಸಿನಲ್ಲಿ, ಎರಡು ಕೈ ಚಾಚಿದರೆ ಎರಡೂ ಗೋಡೆ ಸಿಗುವಂಥ ಒಂದು ಬೆಳ್ಳಿ ಅಂಗಡಿ ಇದೆ. ಅದರ ಯಜಮಾನರಿಗೆ ಎಪ್ಪತ್ತು ದಾಟಿದೆ. ವರಮಹಾಲಕ್ಷ್ಮಿ ಹಬ್ಬ ಹತ್ತಿರ ಬಂತೆಂದರೆ ಸುತ್ತಲಿನ ಮನೆಗಳ ಲಕ್ಷ್ಮಿಯ ಬೆಳ್ಳಿ ಮುಖಗಳೆಲ್ಲ ಅವರ ಅಂಗಡಿಗೆ ಪಾಲಿಶಿಗೆ ಬರುತ್ತವೆ. ವರ್ಷವೆಲ್ಲ ಹಳೇ ರೇಷ್ಮೆ ಬಟ್ಟೆಯಲ್ಲಿ ಸುತ್ತಿಟ್ಟು ಕಪ್ಪಾದವು. ಒಂದರ ಮೂಗುಬೊಟ್ಟಿನ ಹರಳು ಬಿದ್ದಿರುತ್ತದೆ, ಇನ್ನೊಂದರ ಕಿವಿ ಜಗ್ಗಿರುತ್ತದೆ. ಪ್ರತಿಯೊಂದಕ್ಕೂ ದಾರ ಕಟ್ಟಿ, ಮನೆಯವರ ಚೀಟಿ ಅಂಟಿಸಿ ಒಳಕೋಣೆಯ ಕಬ್ಬಿಣದ ಬೀರುವಿನಲ್ಲಿಡುತ್ತಾರೆ. ಬೇರೆ ಎಲ್ಲಿಯಾದರೂ ಬೆಳ್ಳಿ ಕೊಟ್ಟು ಬರುವಾಗ ರಸೀದಿ ಕೇಳುವ ಹೆಂಗಸರು ಅವರ ಹತ್ತಿರ ಕೇಳುತ್ತಿರಲಿಲ್ಲ.

ಅಂಗಡಿಯ ಎದುರು ಹೊಂಗೆ ಮರದ ಕೆಳಗೆ ಒಂದು ದೊಡ್ಡ ಛತ್ರಿ, ಅದರಡಿ ಮರದ ಪೆಟ್ಟಿಗೆ ಇಟ್ಟುಕೊಂಡು ಕೀ ಮಾಡುವವರು ಕೂರುತ್ತಾರೆ. ಐವತ್ತು ದಾಟಿದ ಮನುಷ್ಯ. ಎಲ್ಲರಿಗೂ ಅವರು ಕೀ ಅಣ್ಣ. ಎರಡು ವರ್ಷದ ಹಿಂದೆ ಮನೆ ಬಾಗಿಲು ತಾನೇ ಎಳೆದುಕೊಂಡು, ಬೀಗದ ಕೈ ಒಳಗೇ ಉಳಿದು, ಒಲೆಯ ಮೇಲೆ ಹಾಲಿಟ್ಟು ನಾನು ಹೊರಗೆ ನಿಂತಿದ್ದೆ. ಕೀ ಅಣ್ಣ ಬಂದರು. ಬಂದವರೇ ಸಾಮಾನು ತೆಗೆಯಲಿಲ್ಲ. ಬಾಗಿಲಿನ ಮೇಲೆ ಬೀಗದ ಪಕ್ಕದಲ್ಲಿ ಅಂಗೈ ಇಟ್ಟು ಎರಡು ಉಸಿರು ಸುಮ್ಮನೆ ನಿಂತರು. ನನಗೆ ಮೈ ಜುಮ್ಮೆಂದಿತು. ಹಾಲು ಉಕ್ಕುವ ಮುಂಚೆ ಬಾಗಿಲು ತೆರೆದಿತ್ತು. ಅಂದಿನಿಂದ ಕಂಡಕಂಡವರಿಗೆಲ್ಲ ಅವರ ಕೈಯನ್ನು ಹೊಗಳುವುದೇ ನನಗೆ ಕೆಲಸವಾಯಿತು.

ಅವತ್ತು ಹಬ್ಬಕ್ಕೆ ಎಂಟು ದಿನ ಬಾಕಿ. ಮಧ್ಯಾಹ್ನ ಎರಡೂವರೆ. ನನ್ನ ತಾಯಿಯಿಂದ ನನಗೆ ಬಂದ ಲಕ್ಷ್ಮಿ ಮುಖವನ್ನು ತೆಗೆದುಕೊಂಡು ಹೋಗಲು ಬಂದಿದ್ದೆ. “ಕೂತ್ಕೊಳ್ಳಮ್ಮ, ಇದೊಂದು ಕೊಕ್ಕೆ ಕೂರಿಸ್ಬಿಟ್ಟು ತಂದ್ಕೊಡ್ತೀನಿ” ಎಂದು ಯಜಮಾನರು ಕಣ್ಣಿಗೆ ಭೂತಗನ್ನಡಿ ಹಿಡಿದು ಯಾರದೋ ಕಾಲುಗೆಜ್ಜೆಯ ಮೇಲೆ ಬಗ್ಗಿದ್ದರು. ಕೀ ಅಣ್ಣನ ಜಾಗ ಖಾಲಿ ಇತ್ತು, ಊಟಕ್ಕೆ ಹೋಗಿರಬೇಕು. ನಾನು ಮೂಲೆಯ ಬೆಂಚಿನ ಮೇಲೆ ಕೂತಿದ್ದೆ. ಸೆಖೆಗೆಂದು ಒಳಕೋಣೆಯ ಪರದೆಯನ್ನು ಮೇಲಕ್ಕೆ ಸಿಕ್ಕಿಸಿದ್ದರು.

ಬೈಕು ನಿಂತ ಸದ್ದು ಕೇಳಿತು. ಇಂಜಿನ್ ಆರಲಿಲ್ಲ. ಹೆಲ್ಮೆಟ್ ತೆಗೆಯದೆ ಇಬ್ಬರು ಒಳಗೆ ಬಂದರು. ಮೊದಲನೆಯವನ ಕೈಯಲ್ಲಿ ಸುರುಳಿ ಸುತ್ತಿದ ದಿನಪತ್ರಿಕೆ. ಅದರೊಳಗಿನಿಂದ ಮಚ್ಚು ಬಂತು. ಅದನ್ನು ಯಜಮಾನರ ಕುತ್ತಿಗೆಗೆ ಹಿಡಿದು, ನನ್ನ ಕಡೆ ಹೆಲ್ಮೆಟ್ ತಿರುಗಿಸಿ ಹೇಳಿದ: “ಆಂಟಿ, ಸುಮ್ನೆ ಕೂತ್ಕೊಳ್ಳಿ. ಏನೂ ಆಗಲ್ಲ.”

ಅಷ್ಟೇ. ಅಲ್ಲಿ ಯಾರಾದರೂ ಆಡಿದ ಮಾತು ಅದೊಂದೇ. ಬಸ್ಸಿನಲ್ಲಿ ಜಾಗ ಬಿಡಲು ಹೇಳುವ ದನಿಯಲ್ಲಿ ಹೇಳಿದ. ಅದು ಇವತ್ತಿಗೂ ಕಿವಿಯಲ್ಲಿದೆ. ತರಕಾರಿ ಅಂಗಡಿಯಲ್ಲಿ ಯಾರಾದರೂ ಆಂಟಿ ಎಂದರೆ ಮೊದಲು ಅವರ ಕೈ ನೋಡುತ್ತೇನೆ.

ಎರಡನೆಯವನು ನಮ್ಮತ್ತ ನೋಡದೆ ನೇರ ಒಳಗೆ ಹೋದ. ಅವನ ಬೆನ್ನು ನನಗೆ ಕಾಣುತ್ತಿತ್ತು. ಬೀರುವಿನ ಮೇಲೆ ಗೋಡೆಗೆ ವೆಂಕಟರಮಣನ ಪಟ. ಅವನ ಬಲಗೈ ಮೇಲಕ್ಕೆ ಹೋಗಿ ಪಟವನ್ನು ಮುಟ್ಟಿತು. ಕೈ ಕೆಳಗಿಳಿಯಿತು. ಬೀರು ತೆರೆಯಿತು. ಬಡಿಯಲಿಲ್ಲ, ಮೀಟಲಿಲ್ಲ, ಒಂದು ಕಿರ್ ಎಂಬ ಸದ್ದು ಕೂಡ ಇಲ್ಲ. ಆಮೇಲೆ ಅವನು ಎರಡೂ ಕೈಯಿಂದ ಗೋರಿ ಗೋರಿ ಲಕ್ಷ್ಮಿಯರನ್ನು ಚೀಲಕ್ಕೆ ತುಂಬಿದ. ಒಂದು ಮುಖ ಕೈತಪ್ಪಿ ಉರುಳಿಕೊಂಡು ಬಂದು ನನ್ನ ಚಪ್ಪಲಿಗೆ ತಾಗಿ ನಿಂತಿತು, ಕಣ್ಣು ಬಿಟ್ಟುಕೊಂಡು, ಮೇಲ್ಮುಖವಾಗಿ. ಯಾರ ಮನೆಯದೋ. ನಾನು ಕಾಲು ಹಿಂದಕ್ಕೆ ಎಳೆದುಕೊಳ್ಳಲೂ ಹೆದರಿದೆ. ಮಚ್ಚಿನವನು ಬಗ್ಗಿ ಅದನ್ನೂ ಎತ್ತಿಕೊಂಡ. ಅವರು ಹೋದ ಮೇಲೆ ಯಜಮಾನರು ಭೂತಗನ್ನಡಿಯನ್ನು ಇನ್ನೂ ಕಣ್ಣಿಗೇ ಹಿಡಿದುಕೊಂಡಿದ್ದರು.

ಪೊಲೀಸರು ಬೇಗ ಬಂದರು. ಸಬ್ ಇನ್ಸ್‌ಪೆಕ್ಟರ್ ವಯಸ್ಸಿನಲ್ಲಿ ನನ್ನ ಸೋದರಳಿಯನಷ್ಟಿದ್ದರು. ಮರ್ಯಾದೆಯಿಂದಲೇ ಕೇಳಿದರು. “ಮುಖ ನೋಡಿದ್ರಾ ಮೇಡಂ? ಬೈಕ್ ನಂಬರ್?” ಎರಡಕ್ಕೂ ಇಲ್ಲವೆಂದೆ. ಇಷ್ಟು ಓದಿದವಳು, ಕಣ್ಣೆದುರೇ ನಡೆದದ್ದಕ್ಕೆ ಇಲ್ಲ ಇಲ್ಲ ಎನ್ನುತ್ತಿದ್ದೇನಲ್ಲ ಎಂದು ನಾಚಿಕೆಯಾಯಿತು. ನನ್ನ ಹಲ್ಲು ಕಟಕಟ ಹೊಡೆದುಕೊಳ್ಳುತ್ತಿತ್ತು. ಏನಾದರೂ ಕೊಡಬೇಕು ಎನ್ನಿಸಿ ನನಗೆ ಬರುವ ಭಾಷೆಯಲ್ಲಿ ಶುರು ಮಾಡಿದೆ. ಸಿನಿಮಾದ ಭಾಷೆ ಅದು. ಬೀರು ತೆಗೆದವನು ಪಳಗಿದ ಕೈಯವನು ಎಂದೆ. ಮೊದಲು ದೇವರಿಗೆ ನಮಸ್ಕಾರ ಮಾಡಿಕೊಂಡ ಎಂದೆ. ಒಂದೇ ಸಲಕ್ಕೆ, ಸದ್ದಿಲ್ಲದೆ ತೆಗೆದ ಎಂದೆ.

“ಸದ್ದೇ ಇಲ್ದೆ?” ಎಂದರು ಅವರು.

“ಹೂಂ. ನಮ್ಮ ಕೀ ಅಣ್ಣ ತೆಗೆಯೋ ಹಾಗೆ. ಕೈಯಲ್ಲಿ ಕಲೆ ಇರೋರು ಮಾತ್ರ ಹಾಗೆ ತೆಗೀತಾರೆ.”

ಅವರು ತಲೆ ಎತ್ತಿದರು. “ಯಾವ ಕೀ ಅಣ್ಣ?”

ನಾನು ಬಾಗಿಲಾಚೆ ಛತ್ರಿಯ ಕಡೆ ಕೈ ತೋರಿಸಿದೆ. ಖಾಲಿ ಜಾಗದ ಕಡೆ.

ಯಜಮಾನರನ್ನು ಕೇಳಿದರು. ಬೀರುವಿನ ಬೀಗದ ಕೈ ಯಾವಾಗಲೂ ತನ್ನ ಉಡಿದಾರದಲ್ಲೇ ಇರುತ್ತದೆ, ಸ್ನಾನಕ್ಕೂ ಬಿಚ್ಚುವುದಿಲ್ಲ ಎಂದು ಅವರು ಹೇಳಿದರು. ಡೂಪ್ಲಿಕೇಟ್ ಯಾರಾದರೂ ಮಾಡಿದ್ದಾರಾ ಎಂದಾಗ, ಯುಗಾದಿಯ ಹೊತ್ತಿಗೆ ಹಳೆಯದು ಸವೆದಿತ್ತು, ಎದುರಿನವನೇ ಹೊಸದು ಮಾಡಿಕೊಟ್ಟ ಎಂದರು. ಸಬ್ ಇನ್ಸ್‌ಪೆಕ್ಟರ್ ಬರೆದುಕೊಂಡರು. ನಾನು ಸಹಿ ಹಾಕಿ ಆಟೋ ಹತ್ತಿದೆ.

ಆಮೇಲಿನ ದಿನಗಳಲ್ಲಿ ನಾನು ಕೆಲಸಕ್ಕೆ ಹೋಗಲಿಲ್ಲ. ಬಾಗಿಲಿಗೆ ಬೆನ್ನು ಹಾಕಿ ಕೂರಲು ಆಗುತ್ತಿರಲಿಲ್ಲ. ಕೆಳಗಿನ ಮನೆಗೆ ಹೆಲ್ಮೆಟ್ ಹಾಕಿಕೊಂಡು ಬಂದ ಕೊರಿಯರ್‌ನವನನ್ನು ಕಂಡು ಕೈಲಿದ್ದ ಕಾಫಿ ಚೆಲ್ಲಿದೆ. ಪಾತ್ರೆ ತೊಳೆಯುವಾಗ, ಬಟ್ಟೆ ಮಡಿಸುವಾಗ ಅದೇ ಓಡುತ್ತಿತ್ತು: ಪತ್ರಿಕೆ, ಮಚ್ಚು, ಆಂಟಿ, ಮೇಲೆ ಹೋಗುವ ಕೈ, ತೆರೆಯುವ ಬೀರು, ಚಪ್ಪಲಿಗೆ ತಾಗಿದ ಮುಖ. ಮತ್ತೆ ಮೊದಲಿನಿಂದ.

ಮೂರನೆಯ ದಿನ ಹೂವಿಗೆಂದು ಗಂಡನ ಜೊತೆ ಅದೇ ಕ್ರಾಸಿಗೆ ಹೋದೆ. ಛತ್ರಿ ಮಡಿಚಿ ಮರಕ್ಕೆ ಕಟ್ಟಿತ್ತು. ಪೆಟ್ಟಿಗೆ ಇರಲಿಲ್ಲ. ಹೂವಿನವಳು ಮೊಳ ಹಾಕುತ್ತಾ ತಾನಾಗಿಯೇ ಹೇಳಿದಳು:

“ಅವ್ನೇ ಅಂತೆ ಅಕ್ಕ. ದಿನಾ ಬೆಳಿಗ್ಗೆ ಸ್ಟೇಷನ್‌ಗೆ ಕರ್ಸ್ಕೊಂಡು ಸಂಜೆ ತನ್ಕ ಕೂರಿಸ್ತಾರೆ. ಪೆಟ್ಗೆನೂ ಇಟ್ಕೊಂಡವ್ರೆ. ಎಲ್ರ ಮನೆ ಬೀಗಾನೂ ಗೊತ್ತು ನೋಡಿ ಅವ್ನಿಗೆ. ನಾನಂತೂ ನಿನ್ನೇನೇ ಹೊಸ ಬೀಗ ತಂದೆ.”

“ಅವರೇ ಅಂತ ಯಾರು ಹೇಳಿದ್ದು?” ಎಂದೆ.

“ಯಾರೋ ನೋಡ್ದೋರೇ ಹೇಳಿದ್ರಂತೆ. ಓದಿರೋರಂತೆ. ಸುಳ್ಳು ಯಾಕ್ ಹೇಳ್ತಾರೆ?”

ನನ್ನ ಗಂಡ ನನ್ನ ಮೊಣಕೈ ಹಿಡಿದುಕೊಂಡರು. ಕೀ ಮಾಡುವವನ ಬಂಡವಾಳವೆಲ್ಲ ಜನರ ನಂಬಿಕೆ. ಬಾಗಿಲು ತೆಗೆಯಲು ಕರೆಯುವವರು, ತೆಗೆದ ಮೇಲೆ ಅವನು ಅದನ್ನು ಮರೆಯುತ್ತಾನೆ ಎಂದು ನಂಬಿರುತ್ತಾರೆ. ನಾನು ಒಂದು ಹೊಗಳಿಕೆಯ ಮಾತಿನಲ್ಲಿ ಅದನ್ನು ಮುಗಿಸಿದ್ದೆ. ಆ ಮಾತು ಸುಳ್ಳೆಂದು ತೋರಿಸಲು ನನ್ನ ಬಳಿ ಏನೂ ಇರಲಿಲ್ಲ. ಬೀರು ಬಡಿಯದೆ ಮೀಟದೆ ತೆರೆದದ್ದು ನಿಜವೇ ಆಗಿತ್ತಲ್ಲ.

ಭಾನುವಾರ ಮಧ್ಯಾಹ್ನ ಗಂಡ ಟಿವಿಯ ಮುಂದೆ ನಿಂತು, “ನಿನ್ನ ನೆಂಟರನ್ನ ಹಾಕ್ಲಾ?” ಎಂದರು. ಈ ಸಲ ತಮಾಷೆಯ ದನಿ ಇರಲಿಲ್ಲ. ಬೇಡವೆಂದೆ. ಸ್ವಲ್ಪ ಹೊತ್ತಿನ ಮೇಲೆ ನಾನೇ ಹಾಕಿ ಎಂದೆ. ಅಷ್ಟು ವರ್ಷ ಪ್ರೀತಿಸಿದ್ದನ್ನು ಒಬ್ಬ ಮಚ್ಚಿನವನು ಕಿತ್ತುಕೊಂಡು ಹೋಗಬಾರದು ಎಂಬ ಹಟವೂ ಇತ್ತೇನೋ.

ಆ ಅರ್ಧ ಗಂಟೆ ಶುರುವಾಯಿತು. ಗಂಟೆ, ಸುತ್ತಿಗೆ, ಒದ್ದೆ ಗೋಣಿ. ನನಗೆ ಅಚ್ಚರಿಯಾಗುವಂತೆ ಉಸಿರು ಹದಕ್ಕೆ ಬಂತು. ಈ ಕಳ್ಳರು ಯಾರನ್ನೂ ಹೆದರಿಸುತ್ತಿರಲಿಲ್ಲ. ತಮ್ಮ ಹೆದರಿಕೆಯನ್ನು ಕೈಯಲ್ಲಿ ಹಿಡಿದುಕೊಂಡು ಕೆಲಸ ಮಾಡುತ್ತಿದ್ದರು. ಮುದುಕ ತಿಜೋರಿಯ ಮುಂದೆ ಬಂದ. ಹಣೆ ಮುಟ್ಟಿಕೊಂಡ, ಎದೆ ಮುಟ್ಟಿಕೊಂಡ, ಎಡಭುಜ, ಬಲಭುಜ.

“ನಿಲ್ಲಿಸಿ” ಎಂದೆ.

ಗಂಡ ರಿಮೋಟ್ ಒತ್ತಿದರು. “ಏನಾಯ್ತು? ಬೇಡ್ವಾ?”

“ಇನ್ನೊಂದು ಸಲ ಹಾಕಿ. ಅವನ ಕೈ ನೋಡಿ.”

ಕೈ ದೇವರ ಹೆಸರಿನಲ್ಲಿ ಮೇಲೆ ಹೋಯಿತು, ತನ್ನ ಮೈಗೇ ಮರಳಿ ಬಂತು. ನಾನು ಎದ್ದು ನಮ್ಮ ದೇವರ ಗೂಡಿನ ಮುಂದೆ ಹೋಗಿ ನಿಂತೆ. “ನೀವು ಬಂದು ಪಟಕ್ಕೆ ನಮಸ್ಕಾರ ಮಾಡಿ” ಎಂದೆ. ಅವರು ನನ್ನನ್ನು ಒಂದು ಥರ ನೋಡುತ್ತಾ ಬಂದು, ಪಟ ಮುಟ್ಟಿ, ಬೆರಳುಗಳನ್ನು ಎರಡೂ ಕಣ್ಣಿಗೆ ಒತ್ತಿಕೊಂಡರು. ಯಾರಾದರೂ ಹಾಗೇ ಮಾಡುತ್ತಾರೆ. ಬಸ್ಸಿನ ಕಿಟಕಿಯಿಂದ ಗುಡಿ ಕಂಡರೂ ಕೈ ಹೋಗಿ ಕಣ್ಣಿಗೋ ಎದೆಗೋ ಬರುತ್ತದೆ. ಹೆಲ್ಮೆಟ್ ಇದ್ದರೆ ಹೆಲ್ಮೆಟ್ಟಿಗೇ ಮುಟ್ಟಿಸಿಕೊಳ್ಳುತ್ತಾರೆ, ಸಿಗ್ನಲ್ಲಿನಲ್ಲಿ ನಿಂತು ಎಷ್ಟು ಸಲ ನೋಡಿಲ್ಲ.

ಅವತ್ತು ಅಂಗಡಿಯಲ್ಲಿ ಕಂಡ ಕೈ ಹಾಗೆ ಮರಳಿ ಬರಲಿಲ್ಲ. ಪಟ ಮುಟ್ಟಿದ ಕೈ ಕಣ್ಣಿಗೆ ಹೋಗಲಿಲ್ಲ, ಎದೆಗೆ ಹೋಗಲಿಲ್ಲ. ನೇರ ಬೀಗಕ್ಕೆ ಇಳಿಯಿತು.

“ಅವನು ನಮಸ್ಕಾರ ಮಾಡ್ಲಿಲ್ಲ. ಪಟದ ಹಿಂದಿನಿಂದ ಕೀ ತಗೊಂಡ” ಎಂದೆ.

ಸೋಮವಾರ ಬೆಳಿಗ್ಗೆ ಮೊದಲು ಯಜಮಾನರ ಬಳಿ ಹೋದೆ. ಅಂಗಡಿಯ ಶಟರ್ ಅರ್ಧ ಎಳೆದಿತ್ತು. ಒಳಗೆ ಬಗ್ಗಿ ಹೋಗಲು ಐದು ನಿಮಿಷ ಹಿಡಿಯಿತು ನನಗೆ, ಗಂಡ ಹೊರಗೆ ಕಾವಲಿನವರ ಹಾಗೆ ನಿಂತರು. ಕೇಳಿದೆ: “ಯಜಮಾನ್ರೇ, ಬೀರು ಕೀ ಎಲ್ಲಿಡ್ತಿದ್ರಿ?”

“ಹೇಳಿದ್ನಲ್ಲಮ್ಮ. ಉಡಿದಾರದಲ್ಲಿ.”

“ಅವನ ಕೈ ಪಟದ ಹಿಂದೆ ಹೋಗಿದ್ದನ್ನ ನಾನು ನೋಡಿದೀನಿ.”

ಅವರು ತಕ್ಕಡಿಯ ತಟ್ಟೆಯನ್ನು ಒರೆಸತೊಡಗಿದರು. ಅದರಲ್ಲಿ ಧೂಳಿರಲಿಲ್ಲ.

“ಸೊಂಟಕ್ಕೆ ಒತ್ತುತ್ತಮ್ಮ ಅದು” ಎಂದರು ಕೊನೆಗೆ. “ಬಗ್ಗಿ ಕೂತು ಮಾಡೋ ಕೆಲಸ ನಮ್ದು. ನಮ್ಮಪ್ಪನೂ ಅಲ್ಲೇ ಇಡ್ತಿದ್ರು. ದೇವರ ಹಿಂದೆ ಇದ್ರೆ ದೇವರೇ ಕಾಯ್ತಾನೆ ಅಂತ. ಅವ್ರು ಬೀಗದಲ್ಲೇ ಬಿಟ್ಟು ಹೋಗಿದ್ದನ್ನ ಪೊಲೀಸ್ ಬರೋ ಮುಂಚೆ ತೆಗೆದು ಸೊಂಟಕ್ಕೆ ಕಟ್ಕೊಂಡೆ.”

“ಹಾಗಾದ್ರೆ ಪೊಲೀಸರಿಗೆ ಯಾಕೆ ಹೇಳ್ಲಿಲ್ಲ?”

“ಏನಂತ ಹೇಳ್ಲಿ? ನಲವತ್ತು ಮನೆ ಲಕ್ಷ್ಮೀನ ನಂಬಿ ಕೊಟ್ಟವ್ರೆ. ಮೊಳೆಗೆ ಕೀ ನೇತಾಕ್ಬಿಟ್ಟು ಕೂತಿದ್ದೆ ಅಂತ ಹೇಳ್ಲಾ? ನಾಳೆ ಯಾರಾದ್ರೂ ಈ ಮೆಟ್ಲು ಹತ್ತಾರಾ?”

“ಎದುರಿಗಿರೋ ಅವರ ಹತ್ರ ಯಾರು ಬರ್ತಾರೆ?”

“ಅವನೇನೂ ಮಾಡಿಲ್ಲ ಅಂದ್ರೆ ಬಿಟ್ಬಿಡ್ತಾರಮ್ಮ.”

“ಬಿಡ್ತಾರೆ. ಹೂವಿನವಳು ಬಿಡ್ತಾಳಾ?”

ಅವರು ನನ್ನನ್ನು ದಿಟ್ಟಿಸಿದರು. ಕಣ್ಣು ಕೆಂಪಾಗಿತ್ತು. “ನೀನೇ ತಾನೇ ತಾಯಿ ಅವನ ಹೆಸರು ಹೇಳಿದ್ದು.”

“ಹೌದು, ನಾನೇ” ಎಂದೆ. “ಅದಕ್ಕೇ ನಾನೂ ಬರ್ತೀನಿ. ಇಬ್ರೂ ಒಟ್ಟಿಗೆ ಹೇಳೋಣ.”

ಅವರು ಎದ್ದು ಒಳಗೆ ಹೋಗಿ ವೆಂಕಟರಮಣನ ಪಟವನ್ನು ಗೋಡೆಯಿಂದ ಇಳಿಸಿದರು. ಹಿಂದೆ ಮೊಳೆ, ಮೊಳೆಯ ಸುತ್ತ ಬೀಗದ ಕೈ ತಿಕ್ಕಿ ತಿಕ್ಕಿ ಆದ ಅರ್ಧಚಂದ್ರದ ಗುರುತು. ಗೋಡೆಗೆ ಹೊಸದಾಗಿ ಬಣ್ಣ ಬಳಿದಿದ್ದರೂ ಆ ಗುರುತು ಆಗಲೇ ಮತ್ತೆ ಮೂಡಿತ್ತು. ಅದನ್ನು ನೋಡುತ್ತಾ ಅವರು ತಮ್ಮಷ್ಟಕ್ಕೇ, “ಬಣ್ಣದವನು ಪಟ ಇಳಿಸುವಾಗ, ಜೋಪಾನ ಕಣಯ್ಯ, ಹಿಂದೆ ಕೀ ಐತೆ ಅಂತ ನಾನೇ ಹೇಳಿದ್ದೆ” ಎಂದರು. ಆಮೇಲೆ ಪಟವನ್ನು ಟವೆಲಿನಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಆಟೋ ಹತ್ತಿದರು.

ಸ್ಟೇಷನ್ನಿನಲ್ಲಿ ಕೀ ಅಣ್ಣ ಗೋಡೆಗೊರಗಿ ಬೆಂಚಿನ ತುದಿಯಲ್ಲಿ ಕೂತಿದ್ದರು. ಅವರ ಕೈಗಳು ಮಂಡಿಗಳ ಮೇಲೆ ಕೆಲಸವಿಲ್ಲದೆ ಮಲಗಿದ್ದವು. ನಾನು ಆ ಕಡೆ ನೋಡಲಾರದೆ ಸಬ್ ಇನ್ಸ್‌ಪೆಕ್ಟರ್ ಮುಂದೆ ಕೂತು ಎಲ್ಲ ಹೇಳಿದೆ, ಸಿನಿಮಾವನ್ನೂ ಸೇರಿಸಿ. ಅವರು ಪೆನ್ನು ಕೆಳಗಿಟ್ಟರು.

“ಮೇಡಂ, ಅವತ್ತು ನಮಸ್ಕಾರ ಅಂದ್ರಿ. ಇವತ್ತು ನಮಸ್ಕಾರ ಅಲ್ಲ ಅಂತೀರ. ಸಿನಿಮಾ ಜಾಸ್ತಿ ನೋಡ್ತೀರಾ?”

“ಒಂದೇ ಸಿನಿಮಾ” ಎಂದೆ. “ತುಂಬಾ ಸಲ.”

ಅವರು ನಗು ತಡೆದುಕೊಂಡರು. ಅಷ್ಟರಲ್ಲಿ ಯಜಮಾನರು ಟವೆಲು ಬಿಚ್ಚಿ ಪಟವನ್ನು ಮೇಜಿನ ಮೇಲೆ ಬೋರಲು ಹಾಕಿದರು. ಹಿಂದಿನ ರಟ್ಟಿನ ಮೇಲೂ ಅದೇ ಅರ್ಧಚಂದ್ರ ಇತ್ತು. ಉಡಿದಾರದ ಮಾತು ಸುಳ್ಳು ಎಂದು ತಲೆ ತಗ್ಗಿಸಿ ಹೇಳಿದರು. ಬಣ್ಣದವನ ಮಾತನ್ನೂ ಹೇಳಿದರು. ಸಬ್ ಇನ್ಸ್‌ಪೆಕ್ಟರ್ ರಟ್ಟಿನ ಮೇಲೆ ಬೆರಳಾಡಿಸಿ ನೋಡಿ, ಬೆಂಚಿನ ಕಡೆ ತಿರುಗಿ, “ಏಳಪ್ಪ, ನಿನ್ ಪೆಟ್ಗೆ ತಗೊಂಡು ಹೊರಡು” ಎಂದರು. ನಾಲ್ಕು ದಿನ ಕೂರಿಸಿದ್ದಕ್ಕೆ ಅಷ್ಟೇ ಮಾತು.

ಬಣ್ಣ ಬಳಿದವರ ಪೈಕಿ ಒಬ್ಬನೂ ಅವನ ಗೆಳೆಯನೂ ವಾರದೊಳಗೆ ಸಿಕ್ಕರು. ಲಕ್ಷ್ಮಿಯರಲ್ಲಿ ಅರ್ಧದಷ್ಟು ಮಂದಿ ಸಿಕ್ಕರು, ಉಳಿದವರನ್ನು ಆಗಲೇ ಕರಗಿಸಿದ್ದರಂತೆ. ನನ್ನ ತಾಯಿಯದು ಸಿಗಲಿಲ್ಲ. ಆ ಹಬ್ಬಕ್ಕೆ ತೆಂಗಿನಕಾಯಿಗೆ ಅರಿಶಿನ ಹಚ್ಚಿ ಕಾಡಿಗೆಯಲ್ಲಿ ಕಣ್ಣು ಬರೆದೆ. ಒಂದು ಕಣ್ಣು ದೊಡ್ಡದಾಯಿತು.

ಕೀ ಅಣ್ಣ ಮತ್ತೆ ಬಂದು ಕೂತರು. ಛತ್ರಿ ಬಿಚ್ಚಿತು, ಪೆಟ್ಟಿಗೆ ತೆರೆಯಿತು, ಯಾರೂ ಬರಲಿಲ್ಲ. ನಾನು ಹಬ್ಬದ ಮರುದಿನ ಅವರ ಮುಂದೆ ಹೋಗಿ ನಿಂತು, ಹೆಸರು ಹೇಳಿದ್ದು ನಾನೇ ಎಂದೆ.

“ಗೊತ್ತು ಮೇಡಂ” ಎಂದರು ಅವರು, ತಲೆ ಎತ್ತದೆ. “ಸ್ಟೇಷನ್‌ನಲ್ಲಿ ಓದಿ ಹೇಳಿದ್ರು. ಕೈಯಲ್ಲಿ ಕಲೆ ಇದೆ ಅಂದಿದ್ರಂತೆ. ಇಷ್ಟು ವರ್ಷದಲ್ಲಿ ನನ್ನ ಯಾರೂ ಹಾಗೆ ಹೊಗಳಿಲ್ಲ. ಹೊಗಳಿ ಹೊಗಳಿ ಒಳಗೆ ಹಾಕ್ಸಿದ್ರಿ.”

“ತಪ್ಪಾಯ್ತು ಅಣ್ಣ. ನಾನೇನು ಮಾಡ್ಲಿ ಹೇಳಿ.”

ಅವರು ಕೀ ಉಜ್ಜುವ ಅರವನ್ನು ಬಟ್ಟೆಯಿಂದ ಒರೆಸಿ ಪಕ್ಕಕ್ಕಿಟ್ಟರು. “ಬೀಗ ತನ್ನಿ. ನಿಮ್ಮ ಮನೆ ಮುಂಬಾಗಿಲಿಂದು. ಬೆಳಿಗ್ಗೆ ಹೊತ್ತು ತನ್ನಿ, ಹೂವಿನವಳ ಹತ್ರ ಜನ ನಿಂತಿರ್ತಾರಲ್ಲ, ಆಗ. ಜೋರಾಗಿ ಮಾತಾಡಿ.”

ಮರುದಿನ ಬೆಳಿಗ್ಗೆ ಎಂಟಕ್ಕೆ, ಗಂಡ ಸ್ಕ್ರೂ ಬಿಚ್ಚಿ ಕೊಟ್ಟ ಮುಂಬಾಗಿಲಿನ ಬೀಗವನ್ನು ತಟ್ಟೆಯಲ್ಲಿ ತಾಂಬೂಲ ಒಯ್ಯುವ ಹಾಗೆ ಎರಡೂ ಕೈಯಲ್ಲಿ ಹಿಡಿದು ಆ ಕ್ರಾಸಿನಲ್ಲಿ ನಡೆದೆ. ಹೂವಿಗೆ ಐದಾರು ಹೆಂಗಸರು ನಿಂತಿದ್ದರು. “ಅಣ್ಣ, ನಮ್ಮ ಮನೆ ಬೀಗ. ಎರಡು ಕೀ ಮಾಡಿಕೊಡಿ” ಎಂದೆ, ತರಗತಿಯಲ್ಲಿ ಹಾಜರಿ ಕರೆಯುವಷ್ಟು ಜೋರಾಗಿ. ಹೂವಿನವಳ ಕೈ ದಾರದ ಮೇಲೆ ನಿಂತಿತು.

ಎದುರಿನ ಶಟರ್ ಮೇಲಕ್ಕೆ ಹೋಯಿತು. ಯಜಮಾನರು ರಸ್ತೆ ದಾಟಿ ಬಂದರು. ಅವರಿಗೆ ನಾನು ಹೇಳಿರಲಿಲ್ಲ. ಎಲ್ಲರೂ ನೋಡುತ್ತಿದ್ದಂತೆ ಕೀ ಅಣ್ಣನ ಮುಂದೆ ನಿಂತು, “ಬೀರುಗೆ ಹೊಸ ಬೀಗ ಹಾಕ್ಬೇಕಪ್ಪ. ನೀನೇ ಹಾಕ್ಬೇಕು” ಎಂದರು.

“ಹಾಕ್ತೀನಿ ಯಜಮಾನ್ರೇ. ಕೀ ಎಲ್ಲಿಡ್ತೀರಾ?”

ಯಜಮಾನರು ಅಷ್ಟೂ ಹೆಂಗಸರ ಮುಂದೆ ಅಂಗಿ ಎತ್ತಿ ಸೊಂಟದ ಕಪ್ಪು ದಾರ ತೋರಿಸಿದರು. ಮೊದಲು ನಕ್ಕದ್ದು ಹೂವಿನವಳು.

ನನ್ನ ಬೀಗದ ಕೆಲಸಕ್ಕೆ ಹೊತ್ತಾಯಿತು. ನಾನು ಅಲ್ಲೇ ಸ್ಟೂಲಿನ ಮೇಲೆ ಕೂತೆ, ಬೆನ್ನು ಮರಕ್ಕೆ ಒರಗಿಸಿ. ಹತ್ತಿರದಲ್ಲಿ ಒಂದು ಬೈಕು ನಿಂತಿತು, ಇಂಜಿನ್ ಆರಲಿಲ್ಲ. ನಾನು ಬೆಚ್ಚಿದ್ದನ್ನು ಕೀ ಅಣ್ಣ ನೋಡಿದರು. ಅರ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ, ಬೈಕು ಹೊರಟುಹೋಗುವವರೆಗೂ ಕಾದು, ಆಮೇಲೆ ಮುಂದುವರಿಸಿದರು.

ಎರಡು ಕೀ ಮಾಡಿ ಮುಗಿಸಿದ ಮೇಲೆ ಅವರಾಗಿಯೇ ಕೇಳಿದರು: “ಅದೇನೋ ಕಳ್ಳರ ಸಿನಿಮಾ ಅಂದ್ರಲ್ಲ ಸ್ಟೇಷನ್‌ನಲ್ಲಿ. ತೋರ್ಸಿ.”

ಫೋನಿನಲ್ಲಿ ಆ ಅರ್ಧ ಗಂಟೆಯನ್ನು ಹಾಕಿ ಪೆಟ್ಟಿಗೆಗೆ ಒರಗಿಸಿಟ್ಟೆ. ಅವರು ಕೈ ಒರೆಸಿಕೊಂಡು ಮುಂದಕ್ಕೆ ಬಾಗಿದರು. ಭಾಷೆ ಬೇಕಾಗಲಿಲ್ಲ. ಮುದುಕ ತಿಜೋರಿಯ ಮೇಲೆ ಅಂಗೈ ಇಟ್ಟಾಗ ಅವರ ಬಲಗೈ ತಾನಾಗಿ ಮಂಡಿಯಿಂದ ಸ್ವಲ್ಪ ಮೇಲೆದ್ದು ಮತ್ತೆ ಕೂತಿತು. ನೆಗಡಿಯವನು ಮೂಗು ಹಿಡಿದುಕೊಂಡಾಗ ಇವರೂ ಉಸಿರು ಹಿಡಿದರು. ನಡುವೆ ಹೂವಿನವಳು ಕೈಯಲ್ಲಿ ಏನೋ ಹಿಡಿದುಕೊಂಡು ಬಂದು, “ಅಣ್ಣ, ಇದು...” ಎಂದಳು. ಕೀ ಅಣ್ಣ ತೆರೆಯಿಂದ ಕಣ್ಣು ತೆಗೆಯದೆ ಒಂದು ಬೆರಳೆತ್ತಿ ತಡೆದರು. ಅವಳೂ ಬಗ್ಗಿ ನೋಡತೊಡಗಿದಳು.

ಮುಗಿಯಿತು. ಕೀ ಅಣ್ಣ ಬೆನ್ನು ನೆಟ್ಟಗೆ ಮಾಡಿದರು.

“ಆ ಮುದುಕ ಕೆಲಸಗಾರ ಮೇಡಂ” ಎಂದರು. “ಕೈ ಇಟ್ನಲ್ಲ, ಅದು ಸುಮ್ನೆ ತೋರಿಕೆಗಲ್ಲ. ಕಬ್ಬಿಣ ಮಾತಾಡುತ್ತೆ.” ಸ್ವಲ್ಪ ಯೋಚಿಸಿ, “ಆದ್ರೆ ಅಷ್ಟು ಗೋಡೆ ಒಡೆಯೋ ಮುಂಚೆ ದೇವರ ಪಟದ ಹಿಂದೆ ಒಂದ್ಸಲ ನೋಡ್ಬಹುದಿತ್ತು” ಎಂದರು.

ನಾನು ನಕ್ಕೆ. ಅವತ್ತಿನಿಂದ ಅದೇ ಮೊದಲ ಸಲ. ಹೂವಿನವಳು ಕೈ ಮುಂದೆ ಮಾಡಿ ಬೆರಳು ಬಿಚ್ಚಿದಳು. ಅವತ್ತು ಹೆದರಿ ಕೊಂಡಿದ್ದ ಹೊಸ ಬೀಗ.

“ಅಂಟ್ಕೊಳ್ಳುತ್ತಣ್ಣ ಇದು” ಎಂದಳು. “ನೀವೇ ಸ್ವಲ್ಪ ನೋಡಿ.”